ಪೆಟ್ಟಿಗೆ ಸೊಸೈಟಿಗೆ ಗರಗಸ ಬಂದದ್ದು

ಮಿರಜ ಸ್ಟೇಶನ್ನಿನ ಹಿಂದೆ, ಗೂಡ್ಸ್ ಗಾಡಿಗಳು ನಿಲ್ಲುವ ಕಡೆ, ತಗಡು ಹೊದಿಸಿದ ಒಂದು ಉದ್ದನೆಯ ಶೆಡ್ಡು ಇತ್ತು. ಅಲ್ಲಿ ನಾವು ಹದಿನೆಂಟು ಜನ ಹೆಂಗಸರು ದ್ರಾಕ್ಷಿ ತುಂಬುವ ಮರದ ಪೆಟ್ಟಿಗೆಗಳನ್ನು ಮಾಡುತ್ತಿದ್ದೆವು. ಆ ಕಾಲಕ್ಕೆ ನಮ್ಮ ಜಿಲ್ಲೆಯಲ್ಲಿ ಯಾವುದಕ್ಕೆ ಸೊಸೈಟಿ ಇರಲಿಲ್ಲ ಎಂದು ಕೇಳಬೇಕು. ಹಾಲಿಗೆ ಇತ್ತು, ಸಕ್ಕರೆಗೆ ಇತ್ತು, ನದಿಯ ನೀರು ಎತ್ತುವುದಕ್ಕೂ ಇತ್ತು. ಪೆಟ್ಟಿಗೆಗೂ ಒಂದು ಯಾಕೆ ಬೇಡ ಎಂದು ನಮ್ಮನ್ನೆಲ್ಲ ಕೂಡಿಸಿದವರು ಸಾಂಗಲಿಯ ಅರಿಷಿಣ ವ್ಯಾಪಾರಿಗಳ ಮನೆಯ ಒಬ್ಬ ಹೆಣ್ಣುಮಗಳು. ಅವರನ್ನು ಚೇರಮನ್ ಬಾಯಿ ಎನ್ನುತ್ತಿದ್ದೆವು. ಅವರದು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಸಿಟ್ಟು ಬಂದಾಗ ಎರಡೂ.

ನಾನು ಅಥಣಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಮಿರಜಕ್ಕೆ ಬಂದವಳು. ಕನ್ನಡ ಏಳನೆಯ ಇಯತ್ತೆ ಕಲಿತಿದ್ದೆ. ಗಂಡ ಗೂಡ್ಸ್ ಶೆಡ್ಡಿನಲ್ಲಿ ಹಮಾಲಿ ಮಾಡುತ್ತಿದ್ದರು. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಮೊಳೆ ಹೊಡೆಯುವುದರಲ್ಲಿ ನನ್ನ ಕೈ ಚುರುಕಾಗಿತ್ತು, ಆದರೆ ಎಷ್ಟು ಚುರುಕಾಗಿ ಹೊಡೆದರೂ ಪೆಟ್ಟಿಗೆ ಸೊಟ್ಟಗೇ ಆಗುತ್ತಿತ್ತು. ತಪ್ಪು ಮೊಳೆಯದಲ್ಲ, ಹಲಗೆಯದು. ಕಟ್ಟಿಗೆ ಅಡ್ಡೆಯವರು ಕೊಯ್ದು ಕೊಡುತ್ತಿದ್ದ ಮಾವಿನ ಹಲಗೆ ಒಂದು ತುದಿಗೆ ಅಗಲ, ಇನ್ನೊಂದು ತುದಿಗೆ ಸಣ್ಣ. ಸಂದಿಯಲ್ಲಿ ದ್ರಾಕ್ಷಿಯ ಗೊಂಚಲು ಇಣುಕುತ್ತದೆ ಎಂದು ತೋಟದವರು ತಕರಾರು ತೆಗೆಯುತ್ತಿದ್ದರು. ಕೊನೆಗೆ ಒಂದು ದಿನ ಚೇರಮನ್ ಬಾಯಿ, ನಮ್ಮ ಹಲಗೆಯನ್ನು ನಾವೇ ಕೊಯ್ಯೋಣ ಎಂದರು. ದೀಪಾವಳಿಗೆ ಮೊದಲು ಟೆಂಪೋದಲ್ಲಿ ಟೇಬಲ್ ಗರಗಸ ಬಂತು.

ನೋಡಲು ಅದೊಂದು ಕಬ್ಬಿಣದ ಮೇಜು. ನಡುವಿನ ಸೀಳಿನಿಂದ ಹಲ್ಲುಗಳ ದುಂಡನೆಯ ಬ್ಲೇಡು ಅರ್ಧ ಮೇಲೆ ಬಂದಿರುತ್ತದೆ. ಹಲಗೆಯನ್ನು ಮೇಜಿನ ಮೇಲಿಟ್ಟು ದಬ್ಬಿದರೆ ಅದು ಸೀಳುತ್ತದೆ. ತಂದವರು ಅದನ್ನು ಶೆಡ್ಡಿನ ನಡುವೆ ಇಳಿಸಿ ಚಹಾ ಕುಡಿದು ಹೋದರು. ನಾವು ಸುತ್ತ ನಿಂತು ನೋಡಿದೆವು. ಯಾರೋ ಕುಂಕುಮ ಹಚ್ಚಿದರು. ಮುಟ್ಟುವ ಧೈರ್ಯ ಯಾರಿಗೂ ಆಗಲಿಲ್ಲ.

ಮೂರು ದಿನದ ಮೇಲೆ ಚೇರಮನ್ ಬಾಯಿ ಒಬ್ಬ ಮುದುಕರನ್ನು ಕರೆದುಕೊಂಡು ಬಂದರು. ರೈಲ್ವೆ ಕಾರ್ಖಾನೆಯಲ್ಲಿ ಬೋಗಿಗಳ ಮರಗೆಲಸ ಮಾಡಿ ನಿವೃತ್ತರಾದವರು. ತಲೆಗೆ ಬಿಳಿ ಟೊಪ್ಪಿಗೆ, ಕಾಲಲ್ಲಿ ಸವೆದ ಬೂಟು, ಹೆಗಲಲ್ಲಿ ಹತಾರಿನ ಚೀಲ. ಬಂದವರೇ ಮಷೀನಿನ ಕಡೆಗೆ ನೋಡದೆ ನಮ್ಮೆದುರು ಎರಡೂ ಕೈ ಚಾಚಿ ಬೆರಳು ಎಣಿಸಲು ಹೇಳಿದರು. ನಾವು ನಕ್ಕೆವು.

“ನಗಬ್ಯಾಡ್ರಿ, ಎಣಿಸ್ರಿ. ನಾಲ್ವತ್ತ ವರ್ಷ ಗರಗಸದ ಮುಂದ ನಿಂತೇನಿ. ಹತ್ತೂ ಅದಾವ. ನನ್ನ ಹತ್ರ ಕಲಿಯೂದ ಅಂದ್ರ ಇದನ್ನ ಕಲಿಯೂದು. ಹಲಗಿ ಕೊಯ್ಯೂದು ಆಮ್ಯಾಲ.”

ಅಂದಿನಿಂದ ಅವರು ನಮಗೆ ಕಾಕಾ ಆದರು.

ಮೊದಲ ಎರಡು ದಿನ ಕಾಕಾ ಮಷೀನನ್ನು ಕೂರಿಸುವುದರಲ್ಲೇ ಕಳೆದರು. ಒಂದು ಮೂಲೆ ಒತ್ತಿದರೆ ಇನ್ನೊಂದು ಮೂಲೆ ಏಳುತ್ತಿತ್ತು. ನೀರಿನ ಗುಳ್ಳೆಯ ಮಟ್ಟಗೋಲನ್ನು ಮೇಜಿನ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ನೋಡಿದರು. ಕಾಲಿನ ಕೆಳಗೆ ತೆಳು ತಗಡು ತೂರಿಸಿದರು. ಗುಳ್ಳೆ ನಡುವೆ ನಿಂತ ಮೇಲೆ ನೆಲಕ್ಕೆ ಬೋಲ್ಟು ಹಾಕಿ ಸಿಮೆಂಟು ತುಂಬಿಸಿದರು. ಅದು ಒಣಗುವ ತನಕ ಯಾರೂ ಹತ್ತಿರ ಸುಳಿಯಬಾರದು ಎಂದು ಸುತ್ತ ಖಾಲಿ ಪೆಟ್ಟಿಗೆ ಜೋಡಿಸಿದರು.

ಆಮೇಲೆ ಬ್ಲೇಡು ನೆಟ್ಟಗೆ ನಿಂತಿದೆಯೇ ಎಂದು ಗುಣ್ಯಾ ಹಿಡಿದು ನೋಡಿದರು. ಗುಣ್ಯಾ ಎಂದರೆ ಬಡಗಿಗಳು ಮೂಲೆಯನ್ನು ಪರೀಕ್ಷಿಸುವ ಅಳತೆಪಟ್ಟಿ. ಬ್ಲೇಡಿನ ಪಕ್ಕದಲ್ಲಿ, ಹಲಗೆಗೆ ಆಸರೆಯಾಗಿ ಉದ್ದಕ್ಕೂ ನಿಲ್ಲುವ ಇನ್ನೊಂದು ಕಬ್ಬಿಣದ ಪಟ್ಟಿ ಇತ್ತು. ಕಾಕಾ ಬ್ಲೇಡಿನ ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಮಾಡಿ, ಆ ಹಲ್ಲನ್ನು ಮುಂದೆ ತಂದು ಪಟ್ಟಿಯ ತನಕ ಅಳೆದರು. ಅದೇ ಹಲ್ಲನ್ನು ಕೈಯಿಂದ ತಿರುಗಿಸಿ ಹಿಂದಕ್ಕೆ ಒಯ್ದು ಮತ್ತೆ ಅಳೆದರು. ಹಿಂದೆ ಅರ್ಧ ನೂಲಿನಷ್ಟು ಕಡಿಮೆ ಬಂತು. ನಮಗೆ ಅದು ಏನೂ ಅಲ್ಲ ಅನಿಸಿತು. ಕಾಕಾ ಮಾತ್ರ ಪಟ್ಟಿಯನ್ನು ಬಿಚ್ಚಿ, ತಿದ್ದಿ, ಮತ್ತೆ ಕಟ್ಟಿ, ಎರಡೂ ಕಡೆ ಸಮ ಬರುವ ತನಕ ಬಿಡಲಿಲ್ಲ. ಹಿಂದೆ ಇಕ್ಕಟ್ಟಾದರೆ ಹಲಗೆ ಬ್ಲೇಡಿಗೂ ಪಟ್ಟಿಗೂ ನಡುವೆ ಸಿಕ್ಕಿಬೀಳುತ್ತದೆ, ಆಗ ಬ್ಲೇಡು ಅದನ್ನು ದಬ್ಬಿದವರ ಕಡೆಗೇ ತಿರುಗಿ ಎಸೆಯುತ್ತದೆ ಎಂದು ತಿಳಿಸಿ ಹೇಳಿದರು. ಅದಕ್ಕೇ ಬ್ಲೇಡಿನ ಹಿಂದೆ ಬಾಗಿದ ಒಂದು ಉಕ್ಕಿನ ತುಂಡು ಇರುತ್ತದೆ. ಸೀಳಿದ ಹಲಗೆ ಮತ್ತೆ ಕೂಡಿಕೊಂಡು ಬ್ಲೇಡನ್ನು ಹಿಡಿಯದ ಹಾಗೆ ಅದು ತಡೆಯುತ್ತದೆ. ಹೆಡೆ ಎತ್ತಿದ ಹಾಗೆ ಕಾಣುತ್ತಿದ್ದ ಅದಕ್ಕೆ ನಾವು ನಾಗೋಬಾ ಎಂದು ಹೆಸರಿಟ್ಟೆವು. ನಾಗೋಬಾ ಇಲ್ಲದೆ ಮಷೀನು ಚಾಲೂ ಮಾಡಬಾರದು ಎನ್ನುವುದು ಆಮೇಲೆ ನಮ್ಮಲ್ಲಿ ದೇವರ ಮಾತಿನ ಹಾಗೇ ಆಯಿತು.

ಕೊನೆಗೆ ಕಾಕಾ ನೆಲದ ಮೇಲೆ, ಬ್ಲೇಡಿನ ನೇರಕ್ಕೆ, ಗೋಡೆಯ ತನಕ ಎರಡು ಗೆರೆ ಎಳೆದರು.

“ಇದು ರೇಲ್ವೆ ಹಳಿ ಅಂತ ತಿಳಕೋರಿ. ಹಳಿ ಮ್ಯಾಲ ಯಾರರ ನಿಂದರ್ತಾರೇನ? ಹಲಗಿ ದಬ್ಬಾಕಿ ಎಡಕ್ಕ ನಿಂದರಬೇಕು.”

ಸ್ಟೇಶನ್ನಿನ ಬಗಲಲ್ಲೇ ಬಾಳುತ್ತಿದ್ದ ನಮಗೆ ಇದನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ.

ತಕರಾರು ಹುಟ್ಟಿದ್ದು ಮರುದಿನ. ಚೇರಮನ್ ಬಾಯಿ ಕೊಲ್ಹಾಪುರದಿಂದ ದಪ್ಪ ಬಟ್ಟೆಯ ಕೈಗವಸು ತರಿಸಿದ್ದರು. ಕಾಕಾ ಅವನ್ನು ಮಡಚಿ ವಾಪಸ್ ಕೊಟ್ಟರು. ತಿರುಗುವ ಬ್ಲೇಡು ಬೆರಳಿಗೆ ತಾಗಿದರೆ ಬೆರಳು ಹೋದೀತು, ಗವಸಿಗೆ ತಾಗಿದರೆ ಅದು ಕೈಯನ್ನೇ ಒಳಗೆ ಎಳೆದುಕೊಳ್ಳುತ್ತದೆ ಎಂದರು. ಹಾಗೆಯೇ ಜೋತು ಬೀಳುವ ಸೆರಗು ನಡೆಯುವುದಿಲ್ಲ, ಬಿಚ್ಚಿದ ಕೂದಲು ನಡೆಯುವುದಿಲ್ಲ. ಇಲ್ಲಿಯವರೆಗೆ ಎಲ್ಲರೂ ತಲೆ ಆಡಿಸಿದರು. ಆಮೇಲೆ ಅವರು ನಮ್ಮ ಕೈ ನೋಡಿ, ಬಳೆಯೂ ನಡೆಯುವುದಿಲ್ಲ ಎಂದರು.

ಒಬ್ಬೊಬ್ಬರೇ ಕೈಯನ್ನು ಸೆರಗಿನೊಳಗೆ ಸರಿಸಿದರು. ಹದಿನೆಂಟರಲ್ಲಿ ಹದಿನೈದು ಜನ ಮುತ್ತೈದೆಯರು. ಗಂಡ ಬದುಕಿರುವಾಗ ಕೈ ಬರಿದು ಮಾಡಿಕೊಳ್ಳುವುದೆಂದರೆ ಬಾಯಲ್ಲಿ ಆಡುವ ಮಾತೂ ಅಲ್ಲ. ಕಾಕಾ ತಮ್ಮ ಮಾತಿನಿಂದಾದದ್ದು ಅರ್ಥವಾಗದೆ, ಒಂದು ದಾರಿ ಕಂಡಿತೆಂದು ಮೂಲೆಯಲ್ಲಿ ಮೊಳೆ ಹೊಡೆಯುತ್ತಿದ್ದ ಮಾವಶಿಯ ಕಡೆಗೆ ಕೈ ಮಾಡಿದರು. ಚಿಕ್ಕಮ್ಮನ ಹಾಗೆ ಎಂದು ಎಲ್ಲರೂ ಮಾವಶಿ ಎನ್ನುತ್ತಿದ್ದ ಅವಳು ನನಗಿಂತ ಹತ್ತು ವರ್ಷ ದೊಡ್ಡವಳು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಎರಡು ಹೆಣ್ಣುಮಕ್ಕಳನ್ನು ಈ ಸುತ್ತಿಗೆಯಿಂದಲೇ ಸಾಕಿದ್ದಳು. ಇವರಿಗೆ ತೊಂದರೆ ಇಲ್ಲವಲ್ಲ, ಇವರೇ ನಿಲ್ಲಲಿ ಎಂದರು ಕಾಕಾ.

ಮಾವಶಿ ಸುತ್ತಿಗೆ ಕೆಳಗಿಟ್ಟು ಎದ್ದು ಬಂದಳು. ಸಿಟ್ಟು ಮಾಡಲಿಲ್ಲ.

“ಕೈ ಬರಿದ ಐತಿ ಅಂತ ಕೊಡಾವ್ರಿದ್ರ ನನಗ ಬ್ಯಾಡ್ರಿ ಕಾಕಾ. ಕೆಲಸ ಬರ್ತೈತಿ ಅಂತ ಕೊಡಾವ್ರಿದ್ರ ಕೊಡ್ರಿ.”

ಕಾಕಾ ಮೂಲೆಗೆ ಹೋಗಿ, ಅವಳು ಆಗಷ್ಟೇ ಮುಗಿಸಿದ್ದ ಪೆಟ್ಟಿಗೆಯನ್ನು ಎತ್ತಿ ತಂದರು. ನಾಲ್ಕೂ ಮೂಲೆಗೆ ಗುಣ್ಯಾ ಹಿಡಿದು ಬೆಳಕಿಗೆ ಒಡ್ಡಿ ನೋಡಿದರು. ಅಂಥ ಸೊಟ್ಟ ಹಲಗೆಯಲ್ಲೂ ಅವಳ ಮೂಲೆಗಳು ಗುಣ್ಯಾಕ್ಕೆ ಅಂಟಿ ಕೂತಿದ್ದವು.

“ನಂದ ತಪ್ಪಾತು” ಎಂದರು. “ಕೆಲಸ ಬರ್ತೈತಿ. ಅದಕ್ಕ ಕೊಡ್ತೀನಿ.”

ಆದರೆ ಒಬ್ಬರಿಂದ ಆ ಮಷೀನು ನಡೆಯುವುದಿಲ್ಲ. ಒಬ್ಬರು ಹಲಗೆ ದಬ್ಬಬೇಕು, ಇನ್ನೊಬ್ಬರು ಆಚೆ ನಿಂತು ಎಳೆಯದೆ ಆಸರೆ ಕೊಡಬೇಕು. ಇನ್ನೊಬ್ಬರು ಯಾರು ಎಂದು ಕಾಕಾ ಕೇಳಿದಾಗ ನನ್ನ ಬಾಯಿಂದ ನಾನು ಬರುತ್ತೇನೆ ಎಂದು ಬಂದುಬಿಟ್ಟಿತು. ಮಾವಶಿ ಒಬ್ಬಳೇ ಅಲ್ಲಿ ನಿಂತಿದ್ದನ್ನು ನೋಡಿ ತಡೆಯಲಾಗಲಿಲ್ಲ ಅಷ್ಟೆ. ಮನೆಯ ನೆನಪಾದದ್ದು ಆಮೇಲೆ.

ಮನೆಯಲ್ಲಿ ಅತ್ತೆ ಊಟಕ್ಕೆ ಬಡಿಸುತ್ತಿದ್ದರು. ನಾನು ವಿಷಯ ತೆಗೆದೆ. ಅತ್ತೆ ರೊಟ್ಟಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ, ನನ್ನ ಮಗ ಜೀವಂತ ಇರುವ ತನಕ ಈ ಮನೆಯಲ್ಲಿ ಆ ಮಾತು ಬೇಡ ಎಂದರು. ಗಂಡ ತುತ್ತು ಬಾಯಿಗಿಡುತ್ತ, ತಾಯಿಯ ಮುಖ ನೋಡಿ,

“ನಾ ಜೀವಂತ ಇರೂದು ಇವಳ ಕೈಯಾಗಿನ ಬಳಿಯಿಂದ ಅಂದ್ರ, ಇಷ್ಟ ದಿನಾ ನನಗ ರೊಟ್ಟಿ ಯಾಕ ಹಾಕಿದಿ ಅವ್ವಾ?” ಎಂದರು.

ನನಗೆ ನಗು ಬಂತು. ಅತ್ತೆಗೆ ಬರಲಿಲ್ಲ. ಗಂಡ ಮರುದಿನ ಬೆಳಗ್ಗೆ ತಮ್ಮ ಹಳೆಯ ಅಂಗಿಯೊಂದರ ತೋಳನ್ನು ಮೊಣಕೈ ಮೇಲಕ್ಕೆ ಕತ್ತರಿಸಿ ನನ್ನ ಕೈಗೆ ಕೊಟ್ಟರು. ಹೊಲದ ಕೆಲಸಕ್ಕೆ ಹೋಗುವ ಹೆಂಗಸರು ಸೀರೆಯ ಮೇಲೆ ಗಂಡನ ಅಂಗಿ ತೊಡುತ್ತಾರಲ್ಲ, ಹಾಗೆ. ಸೆರಗೂ ಕರಿಮಣಿಯೂ ಅದರೊಳಗೆ ಅಡಗಿದವು. ಬಳೆಗಳು ಮಾತ್ರ ಕೈಯಲ್ಲೇ ಇದ್ದವು.

ಮೊದಲ ವಾರ ಕರೆಂಟು ಇಲ್ಲದೆಯೇ ಕಲಿಕೆ ನಡೆಯುತ್ತದೆ, ಅಲ್ಲಿಯ ತನಕ ಬಳೆ ಇದ್ದರೆ ಇರಲಿ ಎಂದು ಕಾಕಾ ಒಪ್ಪಿದ್ದರು. ಮೋಟಾರಿನ ಪಟ್ಟಾ ಬಿಚ್ಚಿಟ್ಟು, ನಿಂತ ಬ್ಲೇಡಿನ ಪಕ್ಕದಲ್ಲಿ, ಮೊದಲೇ ಸೀಳಿದ ಹಲಗೆಗಳನ್ನು ನಾವಿಬ್ಬರೂ ಸರದಿಯ ಮೇಲೆ ಇಡೀ ದಿನ ದಬ್ಬುತ್ತಿದ್ದೆವು. ಎಡಗಾಲು ಎಲ್ಲಿ, ಕಣ್ಣು ಎಲ್ಲಿ, ಬಲಗೈ ಎಲ್ಲಿ ನಿಲ್ಲಬೇಕು ಎನ್ನುವುದನ್ನು ಮೈಗೆ ಕಲಿಸಿದರು. ಹಲಗೆಯ ಕೊನೆಯ ಗೇಣನ್ನು ಕೈಯಿಂದ ದಬ್ಬುವಂತಿಲ್ಲ. ಅದಕ್ಕೆ ಒಂದು ಕೋಲು. ತುದಿಗೆ ಕಚ್ಚು ಕೊರೆದ ಆ ಕೋಲನ್ನು ನನ್ನದು ನಾನೇ ಕೆತ್ತಿಕೊಂಡೆ.

ಮೂರನೆಯ ದಿನ ಮಧ್ಯಾಹ್ನ ಅತ್ತೆ ಬುತ್ತಿ ತಂದ ನೆಪದಲ್ಲಿ ಶೆಡ್ಡಿಗೆ ಬಂದರು. ಹಲಗೆಯ ಒಟ್ಟಿಲಿನ ಮೇಲೆ ಕುಳಿತು ನೋಡತೊಡಗಿದರು. ಅವರು ನೋಡುತ್ತಿದ್ದಾರೆಂಬ ಗಡಿಬಿಡಿಯಲ್ಲಿ ನಾನು ಕೋಲನ್ನು ಮರೆತು ಕೈ ಚಾಚಿದೆ. ಹಸಿರು ಬಳೆಯೊಂದು ನಿಂತ ಬ್ಲೇಡಿನ ಹಲ್ಲಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಹೋದರೆ ಕಾಕಾ ತಡೆದು, ಹಾಗೇ ಇರಲು ಹೇಳಿದರು. ಬಗ್ಗಿ, ಮೇಜಿನ ಕೆಳಗಿನ ಗಾಲಿಯನ್ನು ಕೈಯಿಂದ ಒಂದಿಷ್ಟೇ ತಿರುಗಿಸಿದರು. ಬಳೆಯ ಜೊತೆ ನನ್ನ ಮುಂಗೈ ಮೆಲ್ಲಗೆ ಮುಂದಕ್ಕೆ ಹೋಯಿತು. ಅಲ್ಲಿಗೆ ನಿಲ್ಲಿಸಿದರು.

ಅತ್ತೆ ಎದ್ದು ಬಂದು ತಾವೇ ಆ ಬಳೆಯನ್ನು ಹಲ್ಲಿನಿಂದ ಬಿಡಿಸಿದರು. ಅದು ಒಡೆದಿರಲಿಲ್ಲ. ನನ್ನ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದರು. ಬುತ್ತಿ ಅಲ್ಲೇ ಇಟ್ಟು ಮನೆಗೆ ಹೋದರು.

ಮರುದಿನ ಸಂತೆ. ಕೆಲಸಕ್ಕೆ ತಡವಾಗಿ ಹೋದರೆ ಆದೀತು ಎಂದು ಹೇಳಿ ಅತ್ತೆ ನನ್ನನ್ನು ಕರೆದುಕೊಂಡು ಹೊರಟರು. ಬೇವಿನ ಮರದ ಕೆಳಗೆ ಹಚ್ಚೆ ಹಾಕುವ ಒಬ್ಬ ಮುದುಕಿ ಸೂಜಿ, ಕಪ್ಪಿನ ಬಟ್ಟಲು ಇಟ್ಟುಕೊಂಡು ಕುಳಿತಿದ್ದಳು. ಅತ್ತೆಯ ಎರಡೂ ಮುಂಗೈ ತುಂಬ ಹಳೆಯ ಹಚ್ಚೆಗಳಿದ್ದವು. ತುಳಸಿ ಕಟ್ಟೆ, ಚುಕ್ಕಿ, ತೊಟ್ಟಿಲು. ಅವುಗಳನ್ನು ಮುದುಕಿಗೆ ತೋರಿಸಿ, ಈಕೆಗೆ ಎರಡೂ ಕೈಗೆ ಸುತ್ತ ಬಳೆಯ ಹಾಗೆ ಹಾಕು ಎಂದರು. ನನಗೆ ಆಗ ತಿಳಿಯಿತು. ಸೂಜಿ ಚುಚ್ಚುವಾಗ ಕಣ್ಣಲ್ಲಿ ನೀರು ಬಂತು. ಅತ್ತೆ ನನ್ನ ತಲೆಯನ್ನು ತಮ್ಮ ಹೆಗಲಿಗೆ ಒತ್ತಿಕೊಂಡು ಕುಳಿತರು. ಮದುವೆಯಾಗಿ ಏಳು ವರ್ಷದಲ್ಲಿ ಹಾಗೆ ಕುಳಿತದ್ದು ಅದೇ ಮೊದಲು. ಎರಡು ಸಾಲು ಗೆರೆ, ನಡುವೆ ಚುಕ್ಕಿ, ಎರಡೂ ಮಣಿಕಟ್ಟಿನ ಸುತ್ತ. ಅತ್ತೆ ಅದರ ಮೇಲೆ ಅರಿಷಿಣ ಮೆತ್ತಿದರು.

“ಈ ಬಳಿ ಒಡ್ಯಾಂಗಿಲ್ಲ, ತಗ್ಯಾಂಗಿಲ್ಲ” ಎಂದರು. “ಯಾರರ ಏನರ ಅಂದ್ರ ನನ್ನ ಕಡೆ ಕಳಿಸು.”

ಯಾರೂ ಏನೂ ಅನ್ನಲಿಲ್ಲ ಎಂದಲ್ಲ. ಅಂದವರು ನಮ್ಮ ಅತ್ತೆಯ ಕಡೆಗೆ ಹೋಗುವ ಧೈರ್ಯ ಮಾಡಲಿಲ್ಲ. ಆ ತಿಂಗಳೇ ಇನ್ನೂ ನಾಲ್ವರು ಅದೇ ಮುದುಕಿಯ ಹತ್ತಿರ ಹೋಗಿ ಬಂದರು.

ಹಚ್ಚೆ ಮಾಯ್ದ ಮೇಲೆ ನಾನು ಗಾಜಿನ ಬಳೆಗಳನ್ನು ತೆಗೆದಿಟ್ಟು ಹೋದ ಬೆಳಗ್ಗೆ ಕಾಕಾ ಪಟ್ಟಾ ಏರಿಸಿ ಅದರ ಮೇಲಿನ ಮುಚ್ಚಳ ಬಿಗಿದರು. ಬ್ಲೇಡನ್ನು ಹಲಗೆಯ ದಪ್ಪಕ್ಕಿಂತ ಒಂದು ಹಲ್ಲಿನಷ್ಟೇ ಮೇಲೆ ಇರುವಂತೆ ಇಳಿಸಿದರು. ಅದರ ಮೇಲೆ ಕಬ್ಬಿಣದ ಮುಸುಕು ಹಾಕಿದರು. ಹಲಗೆಯಲ್ಲಿ ಹಳೆಯ ಮೊಳೆ ಇದೆಯೇ ಎಂದು ನನ್ನಿಂದಲೇ ಬೆರಳಾಡಿಸಿ ನೋಡಿಸಿದರು. ಆಮೇಲೆ ಸ್ವಿಚ್ಚು.

ಬ್ಲೇಡು ಪೂರ್ತಿ ವೇಗಕ್ಕೆ ಬರುವ ತನಕ ಕಾಯಿರಿ ಎಂದು ಕಾಕಾ ಕೈಸನ್ನೆ ಮಾಡಿದರು. ನಾನು ಎಡಕ್ಕೆ ನಿಂತು ಹಲಗೆಯನ್ನು ಪಟ್ಟಿಗೆ ಒತ್ತಿ ದಬ್ಬಿದೆ. ಮೈ ಕಲಿತದ್ದನ್ನು ತಾನೇ ಮಾಡಿತು. ಕೊನೆಯ ಗೇಣಿಗೆ ಕೋಲು ಬಂತು. ಆಚೆ ಮಾವಶಿಯ ಕೈಗೆ ಎರಡು ಹಲಗೆ ಸೇರಿದವು. ಹಸಿ ಮಾವಿನ ಕಟ್ಟಿಗೆಯ ವಾಸನೆ ಶೆಡ್ಡಿನ ತುಂಬ ಹರಡಿತು. ತಗಡಿನ ತೂತಿನಿಂದ ಬಿದ್ದ ಬಿಸಿಲಿನಲ್ಲಿ ಮರದ ಹೊಟ್ಟು ಅಕ್ಕಿ ಹಿಟ್ಟಿನ ಹಾಗೆ ತೇಲುತ್ತಿತ್ತು. ಬ್ಲೇಡು ಪೂರ್ತಿ ನಿಂತ ಮೇಲೆ ನಾವಿಬ್ಬರೂ ಆ ಹಲಗೆಗಳ ಅಂಚಿಗೆ ಹೆಬ್ಬೆರಳು ಎಳೆದು ನೋಡಿದೆವು. ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ಏರಿಲ್ಲ, ಇಳಿದಿಲ್ಲ. ನಾನು ಜೀವಮಾನದಲ್ಲಿ ಮಾಡಿದ ಮೊದಲ ನೇರವಾದ ವಸ್ತು ಅದು. ಮಾವಶಿ ಹಲಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಶೆಡ್ಡಿನಲ್ಲಿದ್ದ ಒಬ್ಬೊಬ್ಬರಿಗೂ ಮುಟ್ಟಿಸಿ ಬಂದಳು.

ಸೊಸೈಟಿ ಎಂದ ಮೇಲೆ ಉದ್ಘಾಟನೆ ಇಲ್ಲದೆ ಆಗುತ್ತದೆಯೇ. ಪೆಂಡಾಲು ಹಾಕಿಸಿ, ಊರಿನ ಒಬ್ಬ ದೊಡ್ಡ ಸಹಕಾರಿ ಮುಖಂಡರನ್ನು ಕರೆಸಿದರು. ಅವರು ಕೊರಳಿಗೆ ಹೂವಿನ ಹಾರ, ಹೆಗಲಿಗೆ ಶಾಲು, ಬೆರಳಿಗೆ ಎರಡು ಉಂಗುರ ಧರಿಸಿಕೊಂಡು ಮಷೀನಿನ ಹತ್ತಿರ ಬಂದರು. ಟೇಪು ಕತ್ತರಿಸಿದರು. ಫೋಟೋದವನು ಕೇಳಿದ್ದಕ್ಕೆ, ಒಂದು ಹಲಗೆಯನ್ನು ತಾವೇ ಕೊಯ್ಯುವುದಾಗಿ ಹೇಳಿ ಮುಂದೆ ಬಂದು ನಿಂತರು. ನಿಂತದ್ದು ಸರಿಯಾಗಿ ಹಳಿಯ ಮೇಲೆ.

ಚೇರಮನ್ ಬಾಯಿ ಕಾಕಾನ ಮುಖ ನೋಡಿದರು. ಕಾಕಾ ನನ್ನ ಮುಖ ನೋಡಿದರು. ಸ್ವಿಚ್ಚಿನ ಹತ್ತಿರ ನಿಂತಿದ್ದವಳು ನಾನು. ಕೈಯನ್ನು ಸ್ವಿಚ್ಚಿನಿಂದ ತೆಗೆದು, ನನಗೆ ಬರುವ ಮರಾಠಿಯಲ್ಲಿ, ಸಾಹೇಬರು ಹಾರ, ಶಾಲು, ಉಂಗುರ ತೆಗೆದಿಟ್ಟು ಎಡಕ್ಕೆ ಸರಿದರೆ ಚಾಲೂ ಮಾಡುತ್ತೇನೆ ಎಂದೆ. ನಾವು ಬಳೆ ತೆಗೆದಿದ್ದೇವೆ ಎಂದೂ ಸೇರಿಸಿದೆ. ಕೈ ಎತ್ತಿ ತೋರಿಸಿದೆ.

ಮುಖಂಡರು ನನ್ನ ಮಣಿಕಟ್ಟು ನೋಡಿದರು, ಬ್ಲೇಡು ನೋಡಿದರು. ಆಮೇಲೆ “ಬರೋಬರ ಆಹೆ, ಬಾಯಿ” ಎಂದು ನನ್ನ ಮಾತನ್ನು ಒಪ್ಪಿ, ಹಾರವನ್ನು ಫೋಟೋದವನ ಕೊರಳಿಗೇ ಹಾಕಿದರು. ಪೆಂಡಾಲಿನಲ್ಲಿ ನಗುವಿನ ಅಲೆ ಎದ್ದಿತು. ಶಾಲು ಚೇರಮನ್ ಬಾಯಿಯ ಕೈಗೆ ಹೋಯಿತು, ಉಂಗುರಗಳು ಜೇಬಿಗೆ. ತೋಳು ಮಡಿಸಿಕೊಂಡು ಎಡಕ್ಕೆ ನಿಂತರು.

ಹಲಗೆ ಅರ್ಧ ಹೋಗಿತ್ತು. ಕರೆಂಟು ಹೋಯಿತು. ನಮ್ಮ ಕಡೆ ಅದೇನೂ ಹೊಸದಲ್ಲ. ಬ್ಲೇಡಿನ ಸದ್ದು ಇಳಿಯುತ್ತ ಇಳಿಯುತ್ತ ನಿಂತಿತು. ಮುಖಂಡರು, ಇನ್ನೇನಿದೆ ಎಂದು ಹಲಗೆಯನ್ನು ಎಳೆಯಲು ಬ್ಲೇಡಿನ ಮೇಲಿಂದ ಕೈ ಚಾಚಿದರು. ಆಚೆಯಿಂದ ಮಾವಶಿ ಮೆಲ್ಲಗೆ “ಥಾಂಬಾ” ಎಂದಳು. ಅವಳು ಹೇಳಿದ ರೀತಿಗೆ ಅವರ ಕೈ ಅಲ್ಲೇ ನಿಂತಿತು. ನಾನು ಸ್ವಿಚ್ಚು ಆರಿಸಿ ಫ್ಯೂಜು ಕಿತ್ತು ಕೈಯಲ್ಲಿ ಹಿಡಿದುಕೊಂಡೆ. ಆಮೇಲೆಯೇ ಮಾವಶಿ ಹಲಗೆಯನ್ನು ಹಿಂದಕ್ಕೆ ತೆಗೆದಳು. ಹೋದ ಕರೆಂಟು ಹೇಳಿ ಬರುವುದಿಲ್ಲ, ಸ್ವಿಚ್ಚು ಹಾಗೇ ಬಿಟ್ಟರೆ ಬ್ಲೇಡು ತಾನೇ ತಿರುಗುತ್ತದೆ ಎಂದು ಅವರಿಗೆ ವಿವರಿಸುತ್ತಿರುವಾಗಲೇ ಶೆಡ್ಡಿನ ದೀಪ ಹತ್ತಿತು, ಮೈಕು ಗುಂಯ್ ಎಂದಿತು. ಗರಗಸ ಮಾತ್ರ ಸುಮ್ಮನೆ ನಿಂತಿತ್ತು. ಅವರು ತಮ್ಮ ಬೆರಳುಗಳನ್ನು ಒಮ್ಮೆ ಮಡಚಿ ಬಿಚ್ಚಿ ನೋಡಿಕೊಂಡರು. ಅಂದಿನ ಭಾಷಣದಲ್ಲಿ ಸಹಕಾರದ ಬಗ್ಗೆ ಒಂದೇ ಮಾತು ಬಂತು, ಉಳಿದದ್ದೆಲ್ಲ ನಮ್ಮಿಬ್ಬರ ಬಗ್ಗೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಅತ್ತೆ, ಮರಾಠಿ ಸರಿಯಾಗಿ ತಿಳಿಯದಿದ್ದರೂ, ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು.

ಆ ವರ್ಷದ ದ್ರಾಕ್ಷಿ ಹಂಗಾಮಿನಲ್ಲಿ ನಮ್ಮ ಪೆಟ್ಟಿಗೆಗೆ ಒಂದು ತಕರಾರೂ ಬರಲಿಲ್ಲ. ಮುಂದಿನ ಚಳಿಗಾಲದಲ್ಲಿ ಕಸಬೆ ಡಿಗ್ರಜದ ಒಂದು ಸೊಸೈಟಿಯವರು ಅಂಥದೇ ಗರಗಸ ತರಿಸಿ, ಕೂರಿಸಿಕೊಡಲು ಕಾಕಾನನ್ನು ಕರೆದರು. ಕಾಕಾ ನಮ್ಮಿಬ್ಬರನ್ನು ಕಳಿಸಿದರು. ನಿಮಗೆ ಬರುತ್ತದೆ, ಹೋಗಿ ಬನ್ನಿ ಎಂದು ತಮ್ಮ ಗುಣ್ಯಾ, ಮಟ್ಟಗೋಲು ಎರಡನ್ನೂ ಕೊಟ್ಟರು. ಎಸ್‌ಟಿ ಬಸ್ಸಿನಲ್ಲಿ ಮಾವಶಿ ಅವನ್ನು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ಅಲ್ಲಿಯ ಗಂಡಸರು ನಮ್ಮನ್ನು ನೋಡಿ, ಮಿಸ್ತ್ರಿ ಎಲ್ಲಿ ಎಂದು ಕೇಳಿದರು. ನಾವೇ ಎಂದೆವು. ಅವರು ನೋಡಲೆಂದು ಕಟ್ಟೆಯ ಮೇಲೆ ಸಾಲಾಗಿ ಕುಳಿತರು. ನಾವು ಎರಡು ದಿನ ಹೋಗಿ ಬಂದು ಮಾಡಿ ಮೇಜನ್ನು ಮಟ್ಟ ಮಾಡಿ, ಬೋಲ್ಟು ಬಿಗಿಸಿ, ಹಲ್ಲಿಗೆ ಗುರುತು ಹಾಕಿ ಅಳೆದು, ನೆಲದ ಮೇಲೆ ಹಳಿ ಎಳೆದು ಮುಗಿಸಿದೆವು. ಮೊದಲ ಹಲಗೆ ಸೀಳಿದ ಮೇಲೆ ಒಬ್ಬ ವಯಸ್ಸಾದ ರೈತರು ಎದ್ದು ಬಂದರು. ಎರಡೂ ತುಂಡುಗಳ ಅಂಚಿಗೆ ಅಂಚು ಕೂಡಿಸಿ ಸೂರ್ಯನಿಗೆ ಹಿಡಿದು ನೋಡಿದರು. ಒಂದೆಳೆ ಬೆಳಕೂ ತೂರಿ ಬರಲಿಲ್ಲ. ಅವರು ಮನೆಗೆ ಹೋಗಿ ಹೆಂಡತಿಯನ್ನು ಕರೆತಂದು ಅವರಿಗೂ ತೋರಿಸಿದರು.

ಆ ಅಜ್ಜಿ ನಮ್ಮನ್ನು ಬಿಡಲಿಲ್ಲ. ಕೃಷ್ಣೆಯ ದಂಡೆಯ ಹೊಲಕ್ಕೆ ಕರೆದುಕೊಂಡು ಹೋಗಿ, ಎಳೆ ಜೋಳದ ತೆನೆ ಸುಟ್ಟು, ಬಿಸಿ ಬಿಸಿ ಸೀತನಿ ಉದುರಿಸಿ, ಶೇಂಗಾ ಚಟ್ನಿ ಹಾಕಿ ಕೊಟ್ಟರು. ಮಾವಶಿ ಇನ್ನೊಂದು ಹಿಡಿ, ಇನ್ನೊಂದು ಹಿಡಿ ಎನ್ನುತ್ತ ಕುಳಿತಳು. ಕೊನೆಯ ಬಸ್ಸು ಹೋಯಿತು. ಸಕ್ಕರೆ ಕಾರ್ಖಾನೆಗೆ ಹೊರಟಿದ್ದ ಕಬ್ಬಿನ ಚಕ್ಕಡಿಯೊಂದನ್ನು ಅಜ್ಜಿಯೇ ನಿಲ್ಲಿಸಿ ನಮ್ಮನ್ನು ಹತ್ತಿಸಿದರು. ಇಳಿಬಿಸಿಲು, ಎತ್ತಿನ ಗಂಟೆ, ಮೈ ತುಂಬ ಕಟ್ಟಿಗೆಯ ಹೊಟ್ಟು. ಚಕ್ಕಡಿ ಹೊಡೆಯುವವರು ಹಿಂದಿರುಗಿ, ಎಷ್ಟು ಬೇಕೋ ಅಷ್ಟು ಕಬ್ಬು ಎಳೆದುಕೊಳ್ಳಿರಿ ಎಂದರು. ಸಾಂಗಲಿ ಬರುವ ತನಕ ನಾವಿಬ್ಬರೂ ಒಂದು ಮಾತು ಆಡಲಿಲ್ಲ. ಬಾಯಿ ತುಂಬ ಕಬ್ಬಿತ್ತು.